ಮಗುವಿಗೆ ಹೆಪಟೈಟಿಸ್ ಸಿ: ಯಾವಾಗ ಟೆಸ್ಟ್, ಎಲ್ಲಿವರೆಗೆ ಕಾಯುವುದು, ಯಾವ ಔಷಧಿ

10 ತಿಂಗಳ ಮಗು. ರಕ್ತದ ರಿಪೋರ್ಟ್‌ನಲ್ಲಿ ‘ಆಂಟಿ ಎಚ್‌ಸಿವಿ: ರಿಯಾಕ್ಟಿವ್’ ಎಂದು ದಪ್ಪ ಅಕ್ಷರದಲ್ಲಿ ಬಂದಿದೆ (ಎಚ್‌ಸಿವಿ ಅಂದರೆ ಹೆಪಟೈಟಿಸ್ ಸಿ ವೈರಸ್, ರಿಯಾಕ್ಟಿವ್ ಅಂದರೆ ಪಾಸಿಟಿವ್). ತಾಯಿಗೆ ಹೆಪಟೈಟಿಸ್ ಸಿ, ಅಂದರೆ ಲಿವರ್‌ಗೆ ತಗಲುವ ವೈರಸ್ ಸೋಂಕು, ಇರುವುದು ಬಸುರಿಯಾಗಿದ್ದಾಗಲೇ ಗೊತ್ತಾಗಿತ್ತು. ಈಗ ಮಗುವಿಗೂ ಬಂದೇಬಿಟ್ಟಿತು ಎಂದು ಮನೆಮಂದಿಯೆಲ್ಲ ಕುಸಿದು ಕೂರುತ್ತಾರೆ. ನಿಜ ಏನೆಂದರೆ, ಈ ಒಂದು ಸಾಲನ್ನು ಇಟ್ಟುಕೊಂಡು ಮಗುವಿಗೆ ಸೋಂಕು ಇದೆಯೋ ಇಲ್ಲವೋ ಹೇಳುವುದಕ್ಕೇ ಆಗುವುದಿಲ್ಲ. 10 ತಿಂಗಳಲ್ಲಿ ಈ ಟೆಸ್ಟ್ ಮಾಡಿಸಿದ್ದೇ ದಂಡ.

ಯಾಕೆಂದರೆ ಈ ಟೆಸ್ಟ್ ಹುಡುಕುವುದು ವೈರಸ್ಸನ್ನಲ್ಲ. ವೈರಸ್ ವಿರುದ್ಧ ದೇಹ ತಯಾರಿಸಿದ ಆಂಟಿಬಾಡಿಯನ್ನು. ಮಗು ಹೊಟ್ಟೆಯಲ್ಲಿದ್ದಾಗ ತಾಯಿಯ ಆಂಟಿಬಾಡಿಗಳು ಮಾಸಿನ ಮೂಲಕ ಮಗುವಿನ ರಕ್ತಕ್ಕೆ ಬರುತ್ತವೆ. ಅದು ಒಳ್ಳೆಯದೇ, ಮೊದಲ ಕೆಲವು ತಿಂಗಳು ಎಷ್ಟೋ ಕಾಯಿಲೆಗಳಿಂದ ಮಗುವನ್ನು ಕಾಯುವುದು ಅವೇ. ಹೆಪಟೈಟಿಸ್ ಸಿ ವಿರುದ್ಧದ ಆಂಟಿಬಾಡಿಯೂ ಅವುಗಳ ಜೊತೆಯಲ್ಲೇ ಬಂದುಬಿಡುತ್ತದೆ. ಅದು ಪೂರ್ತಿ ಕರಗಿಹೋಗಲು 18 ತಿಂಗಳವರೆಗೂ ಹಿಡಿಯಬಹುದು. ಅಲ್ಲಿಯವರೆಗೆ ‘ರಿಯಾಕ್ಟಿವ್’ ಎಂದು ಬಂದರೆ ಅದು ತಾಯಿಯದೋ ಮಗುವಿನದೋ ಗೊತ್ತಾಗುವುದಿಲ್ಲ.

ಹಾಗಾದರೆ ಯಾವ ಟೆಸ್ಟ್ ಮಾಡಿಸಬೇಕು? ಎಚ್‌ಸಿವಿ ಆರ್‌ಎನ್‌ಎ ಟೆಸ್ಟ್. ಕೆಲವು ಲ್ಯಾಬ್‌ಗಳಲ್ಲಿ ಪಿಸಿಆರ್ ಎನ್ನುತ್ತಾರೆ, ಇನ್ನು ಕೆಲವು ಕಡೆ ವೈರಲ್ ಲೋಡ್. ಇದು ರಕ್ತದಲ್ಲಿ ವೈರಸ್ ಈಗ ಇದೆಯೇ ಎಂದು ನೇರವಾಗಿ ನೋಡುತ್ತದೆ. ಆಂಟಿಬಾಡಿ ಬರೀ ಹೆಜ್ಜೆ ಗುರುತು; ಆಸಾಮಿ ಒಳಗಿದ್ದಾನೋ ಇಲ್ಲವೋ ಹೇಳುವುದು ಆರ್‌ಎನ್‌ಎ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಕೊಟ್ಟ ಸಲಹೆಯಂತೆ, ಸೋಂಕಿರುವ ತಾಯಿಗೆ ಹುಟ್ಟಿದ ಮಗುವಿಗೆ 2ರಿಂದ 6 ತಿಂಗಳ ಒಳಗೆ ಈ ಟೆಸ್ಟ್ ಒಂದು ಸಲ ಮಾಡಿಸಬೇಕು. ವೈರಸ್ ಕಾಣಿಸಲಿಲ್ಲವೋ, ಮಗುವಿಗೆ ಬೇರೆ ತೊಂದರೆ ಇಲ್ಲದಿದ್ದರೆ, ವಿಷಯ ಅಲ್ಲಿಗೆ ಮುಗಿಯಿತು. ಆ ವಯಸ್ಸು ದಾಟಿಹೋಗಿದ್ದರೂ 17 ತಿಂಗಳವರೆಗೆ ಆರ್‌ಎನ್‌ಎ ಟೆಸ್ಟೇ ಸರಿ. 18 ತಿಂಗಳಾದ ಮೇಲೆ ಮೊದಲು ಆಂಟಿಬಾಡಿ, ಅದು ಪಾಸಿಟಿವ್ ಬಂದರೆ ಅದರ ಬೆನ್ನಿಗೇ ಆರ್‌ಎನ್‌ಎ.

ಮೊದಲೆಲ್ಲ 18 ತಿಂಗಳು ತುಂಬಲಿ, ಆಮೇಲೆ ಆಂಟಿಬಾಡಿ ನೋಡೋಣ ಎನ್ನುವ ಪದ್ಧತಿಯೇ ಜಾಸ್ತಿ ಇತ್ತು. ಕಾಗದದ ಮೇಲೆ ಅದು ತಪ್ಪಲ್ಲ. ಆದರೆ ಒಂದೂವರೆ ವರ್ಷದಲ್ಲಿ ಮನೆ ಬದಲಾಗುತ್ತದೆ, ಡಾಕ್ಟರ್ ಬದಲಾಗುತ್ತಾರೆ, ಮಗು ಆಡಿಕೊಂಡು ಚೆನ್ನಾಗಿರುವುದರಿಂದ ಟೆಸ್ಟ್ ಮರೆತೇ ಹೋಗುತ್ತದೆ. ಎಷ್ಟೋ ಮಕ್ಕಳು ಹೀಗೇ ಕೈತಪ್ಪಿ ಹೋದರು. 2 ತಿಂಗಳಿನಿಂದಲೇ ಟೆಸ್ಟ್ ಎಂದು ಬದಲಾಯಿಸಿದ್ದಕ್ಕೆ ಮುಖ್ಯ ಕಾರಣವೇ ಇದು. ಲಸಿಕೆ ಹಾಕಿಸಲು ಹೇಗೂ ಮಗುವನ್ನು ಕರೆತರುತ್ತಾರೆ, ಆಗಲೇ ರಕ್ತ ತೆಗೆದುಕೊಂಡರೆ ಆಯಿತು.

ತಾಯಿಯಿಂದ ಮಗುವಿಗೆ

ಹೆಪಟೈಟಿಸ್ ಸಿ ರಕ್ತದಿಂದ ರಕ್ತಕ್ಕೆ ಹರಡುವ ವೈರಸ್. ಇದನ್ನು ಗುರುತಿಸಿದ್ದು 1989ರಲ್ಲಿ. ಆಮೇಲೆ ದಾನಿಗಳ ರಕ್ತವನ್ನು ಪರೀಕ್ಷೆ ಮಾಡುವುದು ಶುರುವಾದ ಮೇಲೆ ರಕ್ತ ಹಾಕಿಸಿಕೊಂಡು ಸೋಂಕು ತಗಲುವುದು ತುಂಬ ಕಡಿಮೆಯಾಯಿತು. ಈಗ ಚಿಕ್ಕ ಮಕ್ಕಳಿಗೆ ಇದು ಬರುವ ಮುಖ್ಯ ದಾರಿ ತಾಯಿಯೇ. ಸರಿಯಾಗಿ ಶುದ್ಧ ಮಾಡದ ಸೂಜಿ, ಉಪಕರಣಗಳಿಂದಲೂ ಬರಬಹುದು. ಹದಿಹರೆಯದವರಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವ ಸೂಜಿ, ಹಚ್ಚೆ ಹಾಕಿಸುವ ಸೂಜಿ ಇವೂ ಸೇರಿಕೊಳ್ಳುತ್ತವೆ.

ತಾಯಿಗೆ ಇದ್ದರೆ ಮಗುವಿಗೆ ಬಂದೇ ಬರುತ್ತದೆ ಎನ್ನುವುದು ಸುಳ್ಳು. ರಕ್ತದಲ್ಲಿ ವೈರಸ್ ಇರುವ 100 ತಾಯಂದಿರಿಗೆ ಹುಟ್ಟಿದ ಮಕ್ಕಳಲ್ಲಿ ಸುಮಾರು 6 ಮಕ್ಕಳಿಗೆ ಬರುತ್ತದೆ, ಅಷ್ಟೆ. ತಾಯಿಗೆ ಜೊತೆಗೆ ಎಚ್‌ಐವಿ ಕೂಡ ಇದ್ದರೆ ಈ ಲೆಕ್ಕ ಸುಮಾರು 11ಕ್ಕೆ ಏರುತ್ತದೆ. ಹಿಂದೆ ಯಾವಾಗಲೋ ಸೋಂಕು ಬಂದು ಈಗ ಗುಣವಾಗಿರುವ, ಅಂದರೆ ಆಂಟಿಬಾಡಿ ಇದ್ದರೂ ಆರ್‌ಎನ್‌ಎ ಕಾಣದ ತಾಯಿಯಿಂದ ಮಗುವಿಗೆ ಹರಡುವ ಭಯ ಇಲ್ಲವೆಂದೇ ಹೇಳಬೇಕು.

ಬಸುರಿಯಲ್ಲಿ ಪಾಸಿಟಿವ್ ಬಂದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ ಸಿಜೇರಿಯನ್ ಮಾಡಿಸಬೇಕಾ ಎಂದು. ಬೇಡ. ಈ ಒಂದೇ ಕಾರಣಕ್ಕೆ ಹೊಟ್ಟೆ ಕೊಯ್ಯುವುದರಿಂದ ಮಗುವಿಗೆ ರಕ್ಷಣೆ ಸಿಗುವುದಿಲ್ಲ ಎನ್ನುವುದು ಈಗ ಸ್ಪಷ್ಟ. ಹೆರಿಗೆ ವೇಳೆ ಮಗುವಿನ ನೆತ್ತಿಗೆ ಚುಚ್ಚಿ ಎದೆಬಡಿತ ನೋಡುವಂಥ ಉಪಕರಣಗಳನ್ನು ಮಾತ್ರ ಆದಷ್ಟು ದೂರ ಇಡುತ್ತಾರೆ.

ಎರಡನೇ ಪ್ರಶ್ನೆ ಎದೆಹಾಲಿನದು. ಧಾರಾಳವಾಗಿ ಕುಡಿಸಬಹುದು. ಹಾಲಿನಿಂದ ಈ ಸೋಂಕು ಹರಡುವುದಿಲ್ಲ. ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾತ್ರ ಆ ಕಡೆಯ ಹಾಲನ್ನು ಹಿಂಡಿ ಚೆಲ್ಲಿ, ಗಾಯ ಮಾಗಿದ ಮೇಲೆ ಮತ್ತೆ ಕುಡಿಸಬೇಕು. ಅಷ್ಟಕ್ಕಾಗಿ ಹಾಲನ್ನೇ ಬಿಡಿಸಿಬಿಡುವುದು ಮಗುವಿಗೆ ಮಾಡುವ ಅನ್ಯಾಯ.

ಮೂರು ವರ್ಷದವರೆಗಿನ ಕಾಯುವಿಕೆ

ಆರ್‌ಎನ್‌ಎ ಪಾಸಿಟಿವ್ ಬಂತು ಅಂದುಕೊಳ್ಳೋಣ. ಈಗ ಡಾಕ್ಟರ್ ‘ಸದ್ಯಕ್ಕೆ ಔಷಧಿ ಬೇಡ, ಮೂರು ವರ್ಷ ತುಂಬಲಿ’ ಎನ್ನುತ್ತಾರೆ. ತಂದೆತಾಯಿಗೆ ಇದು ನುಂಗಲಾರದ ಮಾತು. ಕಾಯಿಲೆ ಇದೆ ಎನ್ನುತ್ತಾರೆ, ಔಷಧಿಯೂ ಇದೆ ಎನ್ನುತ್ತಾರೆ, ಮತ್ತೆ ಕೊಡುವುದಿಲ್ಲ ಎಂದರೆ ಹೇಗೆ?

ಇದಕ್ಕೆ ಎರಡು ಕಾರಣ ಇವೆ. ಮೊದಲನೆಯದು, ಈಗಿನ ಔಷಧಿಗಳಿಗೆ ಒಪ್ಪಿಗೆ ಸಿಕ್ಕಿರುವುದೇ 3 ವರ್ಷದಿಂದ ಮೇಲ್ಪಟ್ಟ ಮಕ್ಕಳಿಗೆ. ಎರಡನೆಯದು ಇನ್ನೂ ಮುಖ್ಯ. ತಾಯಿಯಿಂದ ಸೋಂಕು ಬಂದ ಮಕ್ಕಳಲ್ಲಿ 100ಕ್ಕೆ ಸುಮಾರು 25ರಿಂದ 40 ಮಕ್ಕಳು ಯಾವ ಔಷಧಿಯೂ ಇಲ್ಲದೆ ವೈರಸ್ಸನ್ನು ತಾವೇ ಹೊರಹಾಕುತ್ತಾರೆ. ಹೆಚ್ಚಾಗಿ ಇದು ನಡೆಯುವುದು 3 ವರ್ಷದ ಒಳಗೆ. ಆಮೇಲೆ ತಾನಾಗಿಯೇ ಹೋಗುವ ಸಂಭವ ತುಂಬ ಕಡಿಮೆ. ಹಾಗಾಗಿ ಮೂರು ತುಂಬಿದಾಗ ಇನ್ನೊಮ್ಮೆ ಆರ್‌ಎನ್‌ಎ ನೋಡಿ, ವೈರಸ್ ಇನ್ನೂ ಇದ್ದರೆ ಚಿಕಿತ್ಸೆ ಶುರು ಮಾಡುತ್ತಾರೆ.

ಕಾಯುವುದರಲ್ಲಿ ಅಪಾಯ ಇಲ್ಲವಾ? ಬಹುಪಾಲು ಮಕ್ಕಳಲ್ಲಿ ಇಲ್ಲ. ಈ ವಯಸ್ಸಿನಲ್ಲಿ ಹೆಪಟೈಟಿಸ್ ಸಿ ತುಂಬ ನಿಧಾನದ ಕಾಯಿಲೆ. ಕಣ್ಣು ಹಳದಿಯಾಗುವುದಿಲ್ಲ, ಜ್ವರ ಬರುವುದಿಲ್ಲ, ತೂಕ ಏರುತ್ತದೆ, ಮಗು ಎಲ್ಲರ ಹಾಗೇ ಓಡಾಡಿಕೊಂಡಿರುತ್ತದೆ. ಲಿವರ್ ಟೆಸ್ಟ್‌ನಲ್ಲಿ ಎಎಲ್‌ಟಿ ಎನ್ನುವ ಕಿಣ್ವ ಸ್ವಲ್ಪ ಏರಿರಬಹುದು, ಎಷ್ಟೋ ಸಲ ಅದೂ ನಾರ್ಮಲ್ ಇರುತ್ತದೆ. ಒಳಗೆ ಮಾತ್ರ ಸಣ್ಣ ಉರಿಯೂತ ನಡೆದೇ ಇರುತ್ತದೆ. ಅದು ವರ್ಷಗಟ್ಟಲೆ ಮುಂದುವರಿದರೆ ಲಿವರ್‌ನಲ್ಲಿ ನಾರು ಕಟ್ಟಿಕೊಳ್ಳುತ್ತದೆ. ಇದಕ್ಕೆ ಫೈಬ್ರೋಸಿಸ್ ಎನ್ನುತ್ತಾರೆ. ಅದು ತೀರಾ ಬಲಿತು ಲಿವರ್ ಗಂಟುಗಂಟಾಗುವುದೇ ಸಿರೋಸಿಸ್. ಮಕ್ಕಳ ವಯಸ್ಸಿನಲ್ಲೇ ಅಲ್ಲಿಗೆ ಮುಟ್ಟುವವರು ತುಂಬ ಕಡಿಮೆ. ಆದರೆ ಮಗುವಿಗೆ ಮುಂದೆ ಬಾಳಬೇಕಾದ ವರ್ಷಗಳು ಬೇಕಾದಷ್ಟಿವೆ. ಎಳೆವಯಸ್ಸಿನಲ್ಲಿ ಹತ್ತಿದ ಸೋಂಕು 20, 30 ವರ್ಷ ಕೆಲಸ ಮಾಡಿದರೆ ಏನಾಗುತ್ತದೆ ಎನ್ನುವುದೇ ನಿಜವಾದ ಚಿಂತೆ. ‘ಚೆನ್ನಾಗೇ ಇದ್ದಾನಲ್ಲ’ ಎಂದು ಸುಮ್ನೆ ಬಿಟ್ಟುಬಿಡುವುದು ಅದಕ್ಕೇ ತಪ್ಪು.

ಕೆಲವು ಮಕ್ಕಳಲ್ಲಿ ಈ ನಿಧಾನದ ಲೆಕ್ಕ ನಡೆಯುವುದಿಲ್ಲ. ತೂಕ ವಿಪರೀತ ಇರುವ ಮಕ್ಕಳು, ಎಚ್‌ಐವಿ ಅಥವಾ ಹೆಪಟೈಟಿಸ್ ಬಿ ಜೊತೆಗಿರುವವರು, ಥಲಸ್ಸೀಮಿಯಾಕ್ಕೆ ಪದೇ ಪದೇ ರಕ್ತ ಹಾಕಿಸಿಕೊಂಡು ಲಿವರ್‌ನಲ್ಲಿ ಕಬ್ಬಿಣದ ಅಂಶ ತುಂಬಿಕೊಂಡವರು, ಕ್ಯಾನ್ಸರ್ ಚಿಕಿತ್ಸೆ ಪಡೆದವರು. ಇವರಲ್ಲಿ ಲಿವರ್ ಬೇಗ ಕೆಡಬಹುದು. ಇವರನ್ನು ಮಕ್ಕಳ ಲಿವರ್ ತಜ್ಞರು ಹತ್ತಿರದಿಂದ ನೋಡುತ್ತಿರಬೇಕು.

ಕಾಯುವ ಈ ಅವಧಿಯಲ್ಲಿ ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಡಾಕ್ಟರ್ ಹೇಳಿದ ಹಾಗೆ ರಕ್ತಪರೀಕ್ಷೆ. ಹೆಪಟೈಟಿಸ್ ಎ ಮತ್ತು ಬಿ ಲಸಿಕೆ ತಪ್ಪದೆ ಹಾಕಿಸುವುದು, ಯಾಕೆಂದರೆ ಒಂದೇ ಲಿವರ್ ಮೇಲೆ ಎರಡೆರಡು ವೈರಸ್ ಬೀಳಬಾರದು. ಹೆಪಟೈಟಿಸ್ ಸಿಗೆ ಮಾತ್ರ ಇವತ್ತಿಗೂ ಲಸಿಕೆ ಇಲ್ಲ. ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಡಬಹುದು, ತೂಕಕ್ಕೆ ತಕ್ಕ ಡೋಸ್ ಮೀರಬಾರದು. ಪಥ್ಯ ಬೇಕಿಲ್ಲ. ಎಣ್ಣೆ, ಉಪ್ಪು, ಖಾರ ಎಲ್ಲ ನಿಲ್ಲಿಸಿ ಮಗುವನ್ನು ಸೊರಗಿಸಬೇಡಿ. ಲಿವರ್‌ಗೆ ಒಳ್ಳೆಯದು ಎಂದು ಯಾರೋ ಹೇಳಿದ ಗಿಡಮೂಲಿಕೆ ಔಷಧಿಗಳೂ ಬೇಡ. ಅವುಗಳಲ್ಲಿ ಕೆಲವು ಲಿವರನ್ನೇ ಕೆಡಿಸುತ್ತವೆ, ಕೆಲವು ಮುಂದೆ ಕೊಡುವ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತವೆ.

ಈ ವರ್ಷಗಳಲ್ಲಿ ಮನೆಯವರನ್ನು ಕಾಯಿಲೆಗಿಂತ ಹೆಚ್ಚು ಕಾಡುವುದು ಭಯ. ತಟ್ಟೆ, ಲೋಟ ಬೇರೆ ಇಡುತ್ತಾರೆ. ಮುತ್ತು ಕೊಡಲು ಹೆದರುತ್ತಾರೆ. ಅಜ್ಜಿ ಎತ್ತಿಕೊಳ್ಳಲು ಹಿಂಜರಿಯುತ್ತಾಳೆ. ಇದ್ಯಾವುದೂ ಬೇಕಿಲ್ಲ. ಅಪ್ಪಿಕೊಂಡರೆ, ಒಟ್ಟಿಗೆ ಉಂಡರೆ, ಎಂಜಲು ತಾಗಿದರೆ, ಕೆಮ್ಮಿದರೆ, ಒಂದೇ ಈಜುಕೊಳದಲ್ಲಿ ಇಳಿದರೆ ಈ ವೈರಸ್ ಹರಡುವುದಿಲ್ಲ. ರಕ್ತ ತಾಗಬಹುದಾದ ವಸ್ತುಗಳನ್ನು ಮಾತ್ರ ಹಂಚಿಕೊಳ್ಳಬಾರದು: ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿಸುವ ಕಟರ್, ದೊಡ್ಡ ಮಕ್ಕಳಾದರೆ ರೇಜರ್. ಗಾಯಕ್ಕೆ ಪಟ್ಟಿ ಹಾಕಬೇಕು. ನೆಲಕ್ಕೆ ರಕ್ತ ಬಿದ್ದರೆ ಗ್ಲೌಸ್ ಹಾಕಿಕೊಂಡು ಬ್ಲೀಚ್ ಬೆರೆಸಿದ ನೀರಿನಿಂದ ಒರೆಸಬೇಕು, ಏಕೆಂದರೆ ಒಣಗಿದ ರಕ್ತದಲ್ಲೂ ಈ ವೈರಸ್ ಕೆಲವು ದಿನ, ವಾರಗಟ್ಟಲೆ ಕೂಡ ಬದುಕಿರಬಲ್ಲದು.

ಶಾಲೆಗೆ, ಆಟಕ್ಕೆ ಕಳಿಸಲು ಯಾವ ತಡೆಯೂ ಇಲ್ಲ. ಶಾಲೆಗೆ ಹೇಳಲೇಬೇಕಾ? ಆರೋಗ್ಯದ ದೃಷ್ಟಿಯಿಂದ ಹೇಳಬೇಕಾದ ಅಗತ್ಯ ಇಲ್ಲ. ಯಾವ ಮಗುವಿಗೆ ಮೊಣಕಾಲು ತರಚಿ ರಕ್ತ ಬಂದರೂ ಗ್ಲೌಸ್ ಹಾಕಿಕೊಂಡೇ ಒರೆಸಬೇಕು, ಅದು ಎಲ್ಲ ಮಕ್ಕಳಿಗೂ ಒಂದೇ ನಿಯಮ. ನಿಮ್ಮ ಮಗುವಿನ ಹೆಸರು ಗೊತ್ತಾಗಿಬಿಟ್ಟರೆ ಆ ನಿಯಮ ಅವನೊಬ್ಬನಿಗೆ ಎಂದಾಗುತ್ತದೆ, ಆಮೇಲೆ ಅವನ ಪಕ್ಕ ಯಾರೂ ಕೂರುವುದಿಲ್ಲ. ಯಾರಿಗೆ ಹೇಳಬೇಕು ಎನ್ನುವುದನ್ನು ತಂದೆತಾಯಿಯೇ ಯೋಚಿಸಿ ತೀರ್ಮಾನಿಸಲಿ.

ಔಷಧಿ

ಹತ್ತು ಹನ್ನೆರಡು ವರ್ಷದ ಹಿಂದೆ ಇದನ್ನೇ ಬರೆದಿದ್ದರೆ ಈ ಭಾಗ ಬೇರೆಯೇ ಇರುತ್ತಿತ್ತು. ಆಗ ಇದ್ದದ್ದು ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ರಿಬಾವಿರಿನ್. ವಾರ ವಾರ ಚುಚ್ಚಬೇಕು, 24 ಅಥವಾ 48 ವಾರ. ಚುಚ್ಚಿದಾಗೆಲ್ಲ ಜ್ವರ, ಮೈಕೈ ನೋವು, ಮಂಕು, ಸಿಡುಕು. ಮಕ್ಕಳ ಎತ್ತರ, ತೂಕ ಕುಂಠಿತವಾಗುತ್ತಿತ್ತು. ಇಷ್ಟೆಲ್ಲ ಪಟ್ಟರೂ ವೈರಸ್ಸಿನಲ್ಲಿ ಜೀನೋಟೈಪ್ 1 ಎನ್ನುವ ಬಗೆ ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೇ ಗುಣ. ಹಾಗಾಗಿ ಎಷ್ಟೋ ಡಾಕ್ಟರುಗಳು ಮಕ್ಕಳಿಗೆ ಚಿಕಿತ್ಸೆಯನ್ನೇ ಮುಂದೂಡುತ್ತಿದ್ದರು. ‘ಮಕ್ಕಳಿಗೆ ಇದಕ್ಕೆ ಔಷಧಿ ಕೊಡೋದಿಲ್ಲ, ದೊಡ್ಡವರಾಗಲಿ’ ಎಂಬ ಹಳೆಯ ಮಾತು ಈಗಲೂ ಅಲ್ಲಲ್ಲಿ ಕೇಳಿಬರುವುದು ಆ ಕಾಲದಿಂದ ಉಳಿದು ಬಂದದ್ದು. ಈಗ ಅದಕ್ಕೆ ಅರ್ಥವಿಲ್ಲ.

ಹೊಸ ಔಷಧಿಗಳು ನೇರವಾಗಿ ವೈರಸ್ ಮೇಲೆಯೇ ಕೆಲಸ ಮಾಡುತ್ತವೆ. ವೈರಸ್ ಲಿವರ್ ಕೋಶದೊಳಗೆ ಹೊಕ್ಕು ತನ್ನ ನಕಲುಗಳನ್ನು ತಯಾರಿಸಲು ಕೆಲವು ಪ್ರೋಟೀನುಗಳನ್ನು ಬಳಸುತ್ತದೆ. ಸೋಫೋಸ್‌ಬುವಿರ್ ಆ ನಕಲು ಮಾಡುವ ಕಿಣ್ವವನ್ನೇ ನಿಲ್ಲಿಸುತ್ತದೆ. ವೆಲ್ಪಟಾಸ್ವಿರ್, ಡಕ್ಲಟಾಸ್ವಿರ್, ಪಿಬ್ರೆಂಟಾಸ್ವಿರ್ ಇನ್ನೊಂದು ಪ್ರೋಟೀನನ್ನು ಹಿಡಿಯುತ್ತವೆ. ಗ್ಲೆಕಾಪ್ರೆವಿರ್ ಮತ್ತೊಂದನ್ನು. ಒಂದೇ ಔಷಧಿ ಕೊಟ್ಟರೆ ವೈರಸ್ ರೂಪ ಬದಲಿಸಿಕೊಂಡು ತಪ್ಪಿಸಿಕೊಳ್ಳುತ್ತದೆ, ಅದಕ್ಕೇ ಎರಡನ್ನು ಸೇರಿಸಿ ಕೊಡುತ್ತಾರೆ. ಇನ್ನೊಂದು ವಿಷಯ ನಮ್ಮ ಪರವಾಗಿದೆ. ಎಚ್‌ಐವಿ, ಹೆಪಟೈಟಿಸ್ ಬಿ ವೈರಸ್‌ಗಳು ಕೋಶದ ಕೇಂದ್ರದೊಳಗೆ ಹೋಗಿ ಅಡಗಿಕೊಳ್ಳುತ್ತವೆ, ಹಾಗಾಗಿ ಅವನ್ನು ಪೂರ್ತಿ ತೆಗೆಯುವುದು ಕಷ್ಟ. ಹೆಪಟೈಟಿಸ್ ಸಿ ಹಾಗೆ ಅಡಗುವುದಿಲ್ಲ. ನಕಲು ನಿಂತಿತೋ, ಇರುವಷ್ಟು ವೈರಸ್ ನಶಿಸಿ ಮುಗಿದುಹೋಗುತ್ತದೆ. ಇದನ್ನು ಹತೋಟಿ ಎನ್ನುವುದಿಲ್ಲ, ಗುಣವಾಯಿತು ಎಂದೇ ಹೇಳುತ್ತಾರೆ.

ಈ ಮಾತ್ರೆಗಳು ಮೊದಲು ದೊಡ್ಡವರಿಗೆ ಬಂದವು. 2017ರಲ್ಲಿ ಅಮೆರಿಕದಲ್ಲಿ 12 ವರ್ಷ ಮೇಲ್ಪಟ್ಟ ಮಕ್ಕಳಿಗೆ ಒಪ್ಪಿಗೆ ಸಿಕ್ಕಿತು. ಆಮೇಲೆ 3 ವರ್ಷದವರೆಗೂ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ 3 ವರ್ಷ ಮೇಲ್ಪಟ್ಟ ಮಕ್ಕಳಿಗೆ ಮೂರು ಜೋಡಿಗಳನ್ನು ಸೂಚಿಸಿತು. ಸೋಫೋಸ್‌ಬುವಿರ್ ಜೊತೆ ಡಕ್ಲಟಾಸ್ವಿರ್, ಸೋಫೋಸ್‌ಬುವಿರ್ ಜೊತೆ ವೆಲ್ಪಟಾಸ್ವಿರ್: ಇವೆರಡೂ ಸಾಮಾನ್ಯವಾಗಿ 12 ವಾರ. ಗ್ಲೆಕಾಪ್ರೆವಿರ್ ಜೊತೆ ಪಿಬ್ರೆಂಟಾಸ್ವಿರ್ ಸಾಮಾನ್ಯವಾಗಿ 8 ವಾರ. ಈ ಮೂರೂ ವೈರಸ್ಸಿನ ಎಲ್ಲ ಮುಖ್ಯ ಬಗೆಗಳ ಮೇಲೂ ಕೆಲಸ ಮಾಡುತ್ತವೆ. ಹಾಗಾಗಿ ಜೀನೋಟೈಪ್ ಟೆಸ್ಟ್‌ಗೆಂದೇ ಚಿಕಿತ್ಸೆ ನಿಲ್ಲಿಸಿಕೊಂಡು ಕೂರಬೇಕಿಲ್ಲ. ಕೋರ್ಸ್ ಪೂರ್ತಿ ಮುಗಿಸಿದ 100 ಮಕ್ಕಳಲ್ಲಿ 95ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಅಡ್ಡಪರಿಣಾಮ ಎಂದರೆ ಸ್ವಲ್ಪ ತಲೆನೋವು, ಸುಸ್ತು, ಕೆಲವರಿಗೆ ವಾಂತಿ. ಲಿವರ್ ಕೆಟ್ಟಿರಲಿ, ಕೆಡದಿರಲಿ, ವೈರಸ್ ಇದ್ದರೆ ಔಷಧಿ ಕೊಡಬೇಕು ಎನ್ನುವುದು ಈಗಿನ ನಿಲುವು.

ಶುರು ಮಾಡುವ ಮುಂಚೆ ಕೆಲವು ವಿಷಯ ನೋಡಲೇಬೇಕು. ಮಗುವಿಗೆ ಹೆಪಟೈಟಿಸ್ ಬಿ ಇದೆಯೇ? ಇದ್ದರೆ ಸಿ ವೈರಸ್ ಕಡಿಮೆಯಾಗುತ್ತಿದ್ದಂತೆ ಬಿ ಕೆರಳಬಹುದು. ಲಿವರ್ ಎಷ್ಟು ಗಟ್ಟಿಯಾಗಿದೆ? ಇದಕ್ಕೆ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಬೇಕಾದರೆ ಫೈಬ್ರೋಸ್ಕ್ಯಾನ್ ಸಾಕು. ಸೂಜಿ ಹಾಕಿ ಲಿವರ್ ಚೂರು ತೆಗೆಯುವ ಬಯಾಪ್ಸಿ ಈಗ ಅಪರೂಪ. ಲಿವರ್ ಕೈಕೊಡುವ ಹಂತಕ್ಕೆ ಬಂದಿದ್ದರೆ ಗ್ಲೆಕಾಪ್ರೆವಿರ್ ಇರುವ ಜೋಡಿ ಕೊಡುವಂತಿಲ್ಲ. ಆಮೇಲೆ ಮಗು ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತಿದೆ ಎನ್ನುವ ಪೂರ್ತಿ ಪಟ್ಟಿ. ಫಿಟ್ಸ್‌ಗೆ ಕೊಡುವ ಕಾರ್ಬಮಾಜೆಪೀನ್, ಫೆನಿಟಾಯಿನ್, ಫೀನೋಬಾರ್ಬಿಟಾಲ್, ಟಿಬಿಗೆ ಕೊಡುವ ರಿಫಾಂಪಿಸಿನ್ ಇವು ಹೊಸ ಮಾತ್ರೆಗಳ ಬಲವನ್ನು ಇಳಿಸಿಬಿಡುತ್ತವೆ. ಗ್ಯಾಸ್, ಎದೆಯುರಿಗೆ ಕೊಡುವ ಸಿರಪ್ ಕೂಡ ವೆಲ್ಪಟಾಸ್ವಿರ್ ಹೀರಿಕೊಳ್ಳುವುದನ್ನು ತಡೆಯಬಹುದು. ಸಿರಪ್ ಅಲ್ವಾ, ಅದೇನು ಮಹಾ ಎಂದು ಹೇಳದೆ ಬಿಡಬೇಡಿ.

ನಾಲ್ಕು ವರ್ಷದ ಬಾಯಿಗೆ ಔಷಧಿ ಹಾಕುವುದು

ಇಷ್ಟು ಒಳ್ಳೆಯ ಔಷಧಿ ಇದ್ದೂ 3ರಿಂದ 5 ವರ್ಷದ ಮಕ್ಕಳಲ್ಲಿ ಕೆಲವರಿಗೆ ಚಿಕಿತ್ಸೆ ಅರ್ಧಕ್ಕೇ ನಿಂತದ್ದುಂಟು. ಔಷಧಿ ಸೋತು ಅಲ್ಲ. ಮಗು ಉಗುಳಿಬಿಟ್ಟದ್ದರಿಂದ.

ಮಾತ್ರೆ ನುಂಗಲು ಬಾರದ ಮಕ್ಕಳಿಗೆ ಇವು ಸಣ್ಣ ಕಾಳುಗಳ ರೂಪದಲ್ಲಿ, ಪೊಟ್ಟಣದಲ್ಲಿ ಬರುತ್ತವೆ. ಎಷ್ಟು ಪೊಟ್ಟಣ ಎನ್ನುವುದು ತೂಕದ ಮೇಲೆ ನಿಲ್ಲುತ್ತದೆ. ಉದಾಹರಣೆಗೆ ಸೋಫೋಸ್‌ಬುವಿರ್-ವೆಲ್ಪಟಾಸ್ವಿರ್ 17 ಕೆಜಿಗಿಂತ ಕಡಿಮೆ ಇದ್ದರೆ ದಿನಕ್ಕೆ 150 ಮತ್ತು 37.5 ಮಿಲಿಗ್ರಾಂ, 17ರಿಂದ 30 ಕೆಜಿ ಒಳಗಿದ್ದರೆ 200 ಮತ್ತು 50, 30 ಕೆಜಿ ಅಥವಾ ಜಾಸ್ತಿ ಇದ್ದರೆ ದೊಡ್ಡವರ ಡೋಸೇ, 400 ಮತ್ತು 100. ಕಾಳುಗಳ ಮೇಲೆ ಒಂದು ಲೇಪ ಇರುತ್ತದೆ. ಅಗಿದರೆ ಆ ಲೇಪ ಒಡೆದು ಬಾಯೆಲ್ಲ ಕಹಿ. ಒಮ್ಮೆ ಕಹಿ ತಿಂದ ಮಗು ಮರುದಿನ ಚಮಚ ನೋಡಿದರೇ ಬಾಯಿ ಬಿಗಿ ಹಿಡಿಯುತ್ತದೆ. ಇನ್ನುಳಿದ ವಾರಗಳೆಲ್ಲ ಕುಸ್ತಿಯೇ.

ಆದ್ದರಿಂದ ಮೊದಲ ದಿನ ಸರಿಯಾಗಿ ಕೊಡುವುದು ಮುಖ್ಯ. ವೆಲ್ಪಟಾಸ್ವಿರ್ ಕಾಳುಗಳನ್ನು ಹುಳಿಯಿಲ್ಲದ ಮೆತ್ತನೆಯ ತಿನಿಸಿನಲ್ಲಿ, ಐಸ್‌ಕ್ರೀಮ್ ಅಥವಾ ಪುಡಿಂಗ್‌ನಂಥದರಲ್ಲಿ ಕಲಸಿ 15 ನಿಮಿಷದೊಳಗೆ ತಿನ್ನಿಸಬೇಕು. ಹಣ್ಣಿನ ಗೊಜ್ಜು, ಜ್ಯೂಸ್ ಬೇಡ. ಹುಳಿ ಲೇಪವನ್ನು ಕರಗಿಸುತ್ತದೆ. ಗ್ಲೆಕಾಪ್ರೆವಿರ್ ಜೋಡಿಯದು ಬೇರೆ ಕ್ರಮ. ಅದನ್ನು ಊಟದ ಜೊತೆಗೇ ಕೊಡಬೇಕು. ಚಮಚಕ್ಕೆ ಅಂಟಿಕೊಳ್ಳುವಷ್ಟು ಗಟ್ಟಿಯಾದ, ನೀರಿನಂಶ ಕಡಿಮೆ ಇರುವ ತಿನಿಸಿನಲ್ಲಿ ಹಾಕಿ, ಕಲಸಿದ ಕೂಡಲೇ ತಿನ್ನಿಸಬೇಕು. ಬಟ್ಟಲು ತುಂಬ ಕಲಸಬೇಡಿ. ಅರ್ಧ ತಿಂದು ಬಿಟ್ಟರೆ ಎಷ್ಟು ಡೋಸ್ ಹೋಯಿತು ಎಂದು ಯಾರಿಗೂ ಹೇಳಲಾಗದು. ಎರಡು ಮೂರು ಚಮಚದಲ್ಲಿ ಮುಗಿಯುವಷ್ಟೇ ಸಾಕು. ಔಷಧಿ ಬರುವ ಒಂದು ವಾರ ಮುಂಚೆಯೇ ಅದೇ ಚಮಚ, ಅದೇ ತಿನಿಸು, ಅದೇ ಹೊತ್ತಿಗೆ, ಔಷಧಿ ಇಲ್ಲದೆ ಅಭ್ಯಾಸ ಮಾಡಿಸುವುದು ನನ್ನ ಪ್ರಕಾರ ಒಳ್ಳೆಯ ಉಪಾಯ. ಅಗಿಯದೆ ನುಂಗುವುದು ಮಗುವಿಗೆ ಆಟದಲ್ಲೇ ಬಂದಿರುತ್ತದೆ.

ಒಂದು ದಿನ ಮರೆತರೆ ನೆನಪಾದಾಗ ಆ ದಿನವೇ ಕೊಡಿ. ಮರುದಿನ ಎರಡು ಡೋಸ್ ಒಟ್ಟಿಗೆ ಕೊಡಬಾರದು. ಕೊಟ್ಟ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಮತ್ತೆ ಕೊಡಬೇಕೋ ಬೇಡವೋ ಡಾಕ್ಟರಿಗೆ ಫೋನ್ ಮಾಡಿ ಕೇಳುವುದೇ ಸರಿ.

ಗುಣವಾಯಿತು ಎಂದು ಹೇಳುವುದು ಯಾವಾಗ

ಕೊನೆಯ ಡೋಸ್ ಮುಗಿದ ದಿನ ಅಲ್ಲ. ಅದಾಗಿ 12 ವಾರ ಕಳೆದ ಮೇಲೆ ಆರ್‌ಎನ್‌ಎ ಟೆಸ್ಟ್ ಮಾಡುತ್ತಾರೆ. ಆಗಲೂ ವೈರಸ್ ಕಾಣದಿದ್ದರೆ ಗುಣವಾದ ಹಾಗೆ. ಈ ಒಂದು ಟೆಸ್ಟನ್ನು ಬಿಟ್ಟುಬಿಡುವವರು ಬಹಳ. ಮಾತ್ರೆ ಮುಗಿಯಿತು, ಮಗು ಚೆನ್ನಾಗಿದೆ, ಮತ್ತೆ ಯಾಕೆ ಸೂಜಿ ಎನ್ನುತ್ತಾರೆ. ಆದರೆ ನಿಮ್ಮ ಬಳಿ ಉಳಿಯಬೇಕಾದ ದಾಖಲೆಯೇ ಅದು. ಯಾಕೆ ಅಂದರೆ ಆಂಟಿಬಾಡಿ ಮುಂದೆಯೂ ರಕ್ತದಲ್ಲಿ ಇದ್ದೇ ಇರುತ್ತದೆ, ಬಹುಪಾಲು ಜನರಲ್ಲಿ ಜೀವನಪೂರ್ತಿ. ಹತ್ತು ವರ್ಷದ ಮೇಲೆ ಯಾವುದೋ ಆಪರೇಷನ್‌ಗೆ ಮುಂಚೆ ಟೆಸ್ಟ್ ಮಾಡಿದರೆ ಮತ್ತೆ ‘ರಿಯಾಕ್ಟಿವ್’ ಎಂದೇ ಬರುತ್ತದೆ. ಆಗ 12 ವಾರದ ಆ ಕಾಗದ ಕೈಯಲ್ಲಿದ್ದರೆ ಹುಡುಗನೋ ಹುಡುಗಿಯೋ ಎಲ್ಲರ ಮುಂದೆ ವಿವರಣೆ ಕೊಡುತ್ತ ನಿಲ್ಲಬೇಕಾಗಿಲ್ಲ.

ಈ ಆಂಟಿಬಾಡಿ ರಕ್ಷಣೆ ಕೊಡುವುದಿಲ್ಲ ಎನ್ನುವುದೂ ನೆನಪಿರಲಿ. ಮತ್ತೆ ಸೋಂಕಿನ ರಕ್ತ ತಾಗಿದರೆ ಮತ್ತೆ ಬರಬಹುದು. ಚಿಕ್ಕವರಿಗೆ ಇದು ದೊಡ್ಡ ವಿಷಯವಲ್ಲ, ಆದರೆ ಹದಿನೈದು ಹದಿನಾರಕ್ಕೆ ಬಂದವರಿಗೆ ಬಿಡಿಸಿ ಹೇಳಬೇಕು. ಮೊದಲೇ ಸಿರೋಸಿಸ್ ಆಗಿದ್ದವರು ಗುಣವಾದ ಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತಿರಬೇಕು. ಉಳಿದವರಿಗೆ ಬೇರೆ ಮಕ್ಕಳಿಗಿಂತ ಹೆಚ್ಚಿನ ತಪಾಸಣೆ ಬೇಕಿಲ್ಲ.

ತಾಯಿಯ ಮಾತ್ರೆ

ಮಗುವಿನ ಹಿಂದೆ ಓಡಾಡುವ ಗಡಿಬಿಡಿಯಲ್ಲಿ ಮರೆತುಹೋಗುವವಳು ತಾಯಿ. ಬಸುರಿಯಾಗಿದ್ದಾಗ ಈ ಔಷಧಿಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ, ‘ಹೆರಿಗೆ ಆಗಲಿ, ನೋಡೋಣ’ ಎಂದಿರುತ್ತಾರೆ. ಹೆರಿಗೆ ಆಗುತ್ತದೆ, ಮಗುವಿನ ಟೆಸ್ಟ್, ಲಸಿಕೆ, ನಿದ್ದೆಗೆಟ್ಟ ರಾತ್ರಿಗಳು ಎನ್ನುತ್ತ ಎರಡು ವರ್ಷ ಸರಿದುಹೋಗಿರುತ್ತದೆ. ಅಷ್ಟರಲ್ಲಿ ಇನ್ನೊಂದು ಬಸಿರು. ಹಾಗಾಗಿ ಮಗುವಿನ ಆರ್‌ಎನ್‌ಎ ಟೆಸ್ಟ್‌ಗೆ ಹೋದ ದಿನವೇ ತಾಯಿಯ ಚಿಕಿತ್ಸೆ ಯಾವಾಗ ಎಂದು ಕೇಳಿ, ಮೊಲೆಹಾಲು ಕುಡಿಸುತ್ತಿದ್ದರೆ ಅದನ್ನೂ ಹೇಳಿ ದಿನ ಗೊತ್ತು ಮಾಡಿಕೊಂಡು ಬನ್ನಿ. ಮೊದಲೇ ಹುಟ್ಟಿದ ಅಣ್ಣ ಅಕ್ಕಂದಿರಿದ್ದರೆ, ಅವರಿಗೆ ಎಷ್ಟೇ ವಯಸ್ಸಾಗಿರಲಿ, ಒಮ್ಮೆ ಟೆಸ್ಟ್ ಮಾಡಿಸಿ. ತಾಯಿಯ ಕೋರ್ಸೂ ಸಾಮಾನ್ಯವಾಗಿ 8 ಅಥವಾ 12 ವಾರದ್ದೇ. ಮುಂದಿನ ಬಸಿರಿಗೆ ಮೊದಲೇ ಅವಳು ಗುಣವಾಗಿದ್ದರೆ, ಮತ್ತೆ ಸೋಂಕು ತಗಲದಿದ್ದರೆ, ಆ ಮಗುವಿಗೆ ಅವಳಿಂದ ದಾಟಲು ವೈರಸ್ಸೇ ಇರುವುದಿಲ್ಲ.